ಬಾಗಿಲ ಹೊರಗಿಟ್ಟ ನಾಲ್ಕನೆಯ ಸಂಪುಟ: ಜಪಾನಿನ ಒಂದು ಆಪ್ತಸಲಹೆ ಪ್ರಕರಣ

ಮೂರು ವರ್ಷಗಳಿಂದ ಕೋಣೆಯಲ್ಲೇ ಉಳಿದುಬಿಟ್ಟ ಮಗನ ವಿಷಯ ಮಾತನಾಡಲು ಬಂದ ತಾಯಿ, ಕುಳಿತುಕೊಳ್ಳುವ ಮೊದಲೇ ಕೈಚೀಲದಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಜಪಾನಿನ ಪುಸ್ತಕದಂಗಡಿಗಳಲ್ಲಿ, ಓದುತ್ತಿರುವುದು ಏನೆಂದು ಪಕ್ಕದವರಿಗೆ ತಿಳಿಯದಿರಲೆಂದು ಕಾಗದದ ಹೊದಿಕೆ ಹಾಕಿಕೊಡುತ್ತಾರೆ. ಆ ಹೊದಿಕೆ ಹಾಗೆಯೇ ಇತ್ತು. ಅದನ್ನು ಬಿಡಿಸಿ ತೋರಿಸುತ್ತ, “ಸೆನ್ಸೇ, ಇದನ್ನು ಓದಿಯೇ ಅವನು ಹೀಗಾದನೋ ಏನೋ, ನೀವೇ ಹೇಳಬೇಕು” ಎಂದರು.

ಟೋಕಿಯೋದ ಹೊರವಲಯದಲ್ಲಿ ನಾನು ಕೆಲಸ ಮಾಡುವ ಸಲಹಾ ಕೇಂದ್ರಕ್ಕೆ ಬಂದ ಕುಟುಂಬವಿದು. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಮಗನ ವಯಸ್ಸು ಆಗ ಇಪ್ಪತ್ತನಾಲ್ಕು. ವಿಶ್ವವಿದ್ಯಾಲಯದ ಕೊನೆಯ ವರ್ಷಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳೆಲ್ಲ ಒಂದೇ ಬಗೆಯ ಕಪ್ಪು ಸೂಟು ಧರಿಸಿ ಕಂಪನಿಯಿಂದ ಕಂಪನಿಗೆ ಸಂದರ್ಶನಕ್ಕೆ ಅಲೆಯುತ್ತಾರೆ. ಪದವಿ ಮುಗಿಯುವ ಮೊದಲೇ ಕೆಲಸ ಖಾತ್ರಿಯಾದವರು ಏಪ್ರಿಲ್ 1ರಂದು ಒಟ್ಟಾಗಿ ನೌಕರಿಗೆ ಸೇರುತ್ತಾರೆ. ಈತನಿಗೆ ಎಲ್ಲೆಡೆಯಿಂದಲೂ ನಿರಾಕರಣೆಯ ಪತ್ರಗಳೇ ಬಂದವು. ಒಂದು ಬೆಳಿಗ್ಗೆ ಸಂದರ್ಶನಕ್ಕೆಂದು ಹೊರಟವನು ರೈಲು ನಿಲ್ದಾಣದ ಗೇಟಿನಿಂದಲೇ ಹಿಂದಿರುಗಿದ. ಪರೀಕ್ಷೆಗೂ ಹೋಗಲಿಲ್ಲ, ಗೆಳೆಯರ ಫೋನನ್ನೂ ಎತ್ತಲಿಲ್ಲ. ಹಗಲೆಲ್ಲ ಕಿಟಕಿಯ ಅಡ್ಡಹಲಗೆ ಎಳೆದುಕೊಂಡು ಮಲಗಿ, ಮನೆಯವರು ಮಲಗಿದ ಮೇಲೆ ಎದ್ದು, ನಡುರಾತ್ರಿ ಎರಡು ಗಂಟೆಗೆ ಹತ್ತಿರದ, ಹಗಲೂ ರಾತ್ರಿಯೂ ತೆರೆದಿರುವ ಕೊನ್‌ಬಿನಿ ಅಂಗಡಿಗೆ ಹೋಗಿಬರುವುದೇ ಅವನ ದಿನಚರಿಯಾಯಿತು. ತಾಯಿ ಊಟದ ತಟ್ಟೆಯನ್ನು ಬಾಗಿಲ ಹೊರಗೆ ಇಡುತ್ತಿದ್ದರು. ಕಸದ ಬುಟ್ಟಿಯಲ್ಲಿ ಸಿಗುವ ಅಂಗಡಿಯ ರಸೀದಿಗಳನ್ನು ಬಿಡಿಸಿ ಓದಿ, ಮಗ ಏನು ತಿಂದ, ಎಷ್ಟು ಹೊತ್ತಿಗೆ ಹೊರಗೆ ಹೋದ ಎಂಬುದನ್ನು ತಿಳಿದುಕೊಳ್ಳುತ್ತಿದ್ದರು.

ಅಂಗಡಿಗೆ ಹೋಗಿಬರುವ ಮಗನನ್ನು ಹಿಕಿಕೊಮೊರಿ ಎನ್ನಬಹುದೇ ಎಂಬ ಸಂದೇಹ ತಂದೆಗಿತ್ತು. ಹೌದು ಎಂದೇ ಹೇಳಿದೆ. ಆರು ತಿಂಗಳಿಗೂ ಹೆಚ್ಚು ಕಾಲ ಶಾಲೆ, ಕೆಲಸ, ಗೆಳೆತನಗಳಿಂದ ದೂರವಾಗಿ ಬಹುಮಟ್ಟಿಗೆ ಮನೆಯೊಳಗೇ ಉಳಿದುಬಿಡುವ ಸ್ಥಿತಿಯನ್ನು ಅಲ್ಲಿನ ಆರೋಗ್ಯ ಸಚಿವಾಲಯದ 2010ರ ಮಾರ್ಗಸೂಚಿ ಹಿಕಿಕೊಮೊರಿ ಎಂದು ಗುರುತಿಸಿತ್ತು. ಯಾರೊಂದಿಗೂ ಬೆರೆಯದೆ ಅಂಗಡಿಗೆ ಹೋಗಿಬರುವವರೂ ಅದರೊಳಗೆ ಸೇರಿದ್ದರು. 1998ರಲ್ಲಿ ಮನೋವೈದ್ಯ ಸಾಯಿತೋ ತಮಾಕಿ ಇದರ ಬಗ್ಗೆ ಪುಸ್ತಕ ಬರೆದಾಗ ಇದು ಹದಿಹರೆಯದ ಹುಡುಗರ ಕಷ್ಟವೆಂದೇ ಜನ ತಿಳಿದಿದ್ದರು. ಜಪಾನ್ ಸರಕಾರ 2022ರಲ್ಲಿ ನಡೆಸಿ ಮರುವರ್ಷ ಪ್ರಕಟಿಸಿದ ಸಮೀಕ್ಷೆಯ ಅಂದಾಜಿನಂತೆ 15ರಿಂದ 64 ವರ್ಷದೊಳಗಿನ ಸುಮಾರು 14 ಲಕ್ಷ 60 ಸಾವಿರ ಜನ ಈ ಸ್ಥಿತಿಯಲ್ಲಿದ್ದಾರೆ, ಎಂದರೆ ಆ ವಯೋಮಾನದವರಲ್ಲಿ ನೂರಕ್ಕೆ ಇಬ್ಬರು. ಈ ಅಂಕಿಯನ್ನು ತಂದೆತಾಯಿಗೆ ಹೇಳಿದ್ದಕ್ಕೆ ಕಾರಣವಿತ್ತು. ನೆಂಟರು ಕೇಳಿದರೆ ಮಗ ದೂರದ ಊರಿನಲ್ಲಿ ಕೆಲಸದಲ್ಲಿದ್ದಾನೆ ಎಂದು ಅವರು ಸುಳ್ಳು ಹೇಳುತ್ತ ಬಂದಿದ್ದರು. ತಮ್ಮ ಮನೆಗೊಂದಕ್ಕೇ ಅಂಟಿದ ಕಳಂಕವಿದು ಎಂಬ ಭಾವನೆಯಿಂದ ಅವರು ಮೊದಲು ಬಿಡುಗಡೆ ಹೊಂದಬೇಕಿತ್ತು.

ಇನ್ನು ಆ ಪುಸ್ತಕ. ತಾಕಿಮೊತೊ ತತ್ಸುಹಿಕೊ ಅವರ ಕಾದಂಬರಿಯನ್ನು ಆಧರಿಸಿ ಓಯಿವಾ ಕೆಂಜಿ ಚಿತ್ರಿಸಿ, 2004ರಿಂದ 2007ರವರೆಗೆ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ, ‘ಎನ್.ಎಚ್.ಕೆ.ಗೆ ಸ್ವಾಗತ’ ಎಂಬ ಎಂಟು ಸಂಪುಟಗಳ ಮಾಂಗಾ, ಎಂದರೆ ಜಪಾನಿ ಚಿತ್ರಕಥೆ, ಅದು. ಅದರ ನಾಯಕ ಸಾತೋ, ಇಪ್ಪತ್ತೆರಡರ ಯುವಕ. ಓದು ಬಿಟ್ಟು, ಮನೆಯಿಂದ ಬರುವ ಹಣದಲ್ಲಿ ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿರುವವನು. ತನ್ನನ್ನು ಹೀಗೆ ಮಾಡಿದ್ದು ಎನ್.ಎಚ್.ಕೆ. ಎಂಬ ಒಂದು ಗುಪ್ತ ಸಂಸ್ಥೆಯ ಪಿತೂರಿ ಎಂದು ಅವನು ನಂಬಿರುತ್ತಾನೆ. ಮಿಸಾಕಿ ಎಂಬ ಹುಡುಗಿ ಬಂದು, ನಿನ್ನನ್ನು ಗುಣಪಡಿಸುತ್ತೇನೆಂದು ಒಪ್ಪಂದಪತ್ರಕ್ಕೆ ಸಹಿ ಹಾಕಿಸಿಕೊಂಡು, ರಾತ್ರಿ ಹೊತ್ತು ಉದ್ಯಾನದಲ್ಲಿ ಪಾಠ ಹೇಳುತ್ತಾಳೆ. ಮಾದಕವಸ್ತು, ಅಶ್ಲೀಲ ಆಟ, ಸಾಯುವ ಮಾತು ಎಲ್ಲವೂ ಇರುವ ಕಥೆಯಾದ್ದರಿಂದ ತಾಯಿ ಹೆದರಿದ್ದು ಸಹಜ. ಆದರೆ ಮಗ ಈ ಸಂಪುಟಗಳನ್ನು ತರಿಸಿಕೊಂಡದ್ದು ಬಾಗಿಲು ಮುಚ್ಚಿ ವರ್ಷದ ಮೇಲಾದ ಬಳಿಕ ಎಂಬುದು ಅವರ ಮಾತಿನಿಂದಲೇ ಹೊರಬಂತು. ಓದಿ ಹೀಗಾಗಲಿಲ್ಲ, ಹೀಗಾದ ಮೇಲೆ ತನ್ನಂಥವನೊಬ್ಬನನ್ನು ಹುಡುಕಿಕೊಂಡ ಎಂದು ನಾನು ಹೇಳಿದಾಗ ಅವರು ಆ ಪುಸ್ತಕವನ್ನು ಎಳೆದುಕೊಂಡು ಬಹಳ ಹೊತ್ತು ತಿರುವಿಹಾಕಿದರು. ಮೂಲ ಕಾದಂಬರಿಕಾರರೂ ಹಾಗೆ ಮನೆಯೊಳಗೆ ಉಳಿದಿದ್ದವರೇ, ಅದನ್ನು ಅವರೇ ಬರೆದುಕೊಂಡಿದ್ದಾರೆ ಎಂಬುದನ್ನೂ ತಿಳಿಸಿದೆ.

ಒಂದು ವಿಷಯವನ್ನು ಮಾತ್ರ ಖಚಿತಪಡಿಸಿಕೊಳ್ಳಬೇಕಿತ್ತು. ಪಿತೂರಿಯ ಕಥೆ ಓದುವುದು ಬೇರೆ, ಪಿತೂರಿಯನ್ನು ನಂಬುವುದು ಬೇರೆ. ಯಾರೋ ನೋಡುತ್ತಿದ್ದಾರೆಂದು ಗೋಡೆಯ ಸಂದುಗಳನ್ನು ಮುಚ್ಚುವುದು, ಇಲ್ಲದ ದನಿಗೆ ಉತ್ತರಿಸುವುದು, ಊಟದಲ್ಲಿ ಏನೋ ಬೆರೆಸಿದ್ದಾರೆಂದು ತಟ್ಟೆ ತಳ್ಳುವುದು, ಸಾವಿನ ಮಾತಾಡುವುದು ಕಂಡರೆ ನನ್ನ ಬಳಿಗೆ ಬರುವ ದಿನಕ್ಕೆ ಕಾಯದೆ ಆರೋಗ್ಯ ಕೇಂದ್ರಕ್ಕೆ ಇಲ್ಲವೇ ಮನೋವೈದ್ಯರಿಗೆ ತಿಳಿಸಬೇಕೆಂದು ಹೇಳಿದೆ. ಖಿನ್ನತೆಯಾಗಲಿ, ಬೆಳವಣಿಗೆಗೆ ಸಂಬಂಧಿಸಿದ ತೊಂದರೆಯಾಗಲಿ, ಇಲ್ಲದ್ದನ್ನು ಕೇಳಿಸುವ, ನಂಬಿಸುವ ಮನೋರೋಗವಾದ ಸ್ಕಿಜೋಫ್ರೇನಿಯಾದ ಆರಂಭವಾಗಲಿ ಈ ಮೌನದ ಹಿಂದೆ ಅಡಗಿರಬಹುದು. ಅದನ್ನು ಪರಿಶೀಲಿಸದೆ ಬರಿಯ ಸಾಂತ್ವನ ಹೇಳುವುದು ಅಪಾಯ. ಈತನಲ್ಲಿ ಅಂಥ ಲಕ್ಷಣಗಳು ಕಾಣಲಿಲ್ಲ. ಜನರ ಕಣ್ಣಿಗೆ ಬೀಳುವ ಭಯ ಮಾತ್ರ ಅತಿಯಾಗಿತ್ತು.

ತಂದೆ ಬರಲು ತಡವಾಯಿತು. ಬಂದಾಗ ಅವರ ಕೈಯಲ್ಲಿ ಒಂದು ಖಾಸಗಿ ಸಂಸ್ಥೆಯ ಬಣ್ಣದ ಕೈಪಿಡಿಯಿತ್ತು. ಹಲವು ಲಕ್ಷ ಯೆನ್ ಕೊಟ್ಟರೆ ಅವರ ಸಿಬ್ಬಂದಿ ಮನೆಗೆ ಬಂದು ಮಗನನ್ನು ಕರೆದೊಯ್ದು ವಸತಿಗೃಹದಲ್ಲಿರಿಸಿ ದುಡಿಯಲು ಕಲಿಸುತ್ತಾರಂತೆ. ಇಂಥವರನ್ನು ಜಪಾನಿನಲ್ಲಿ ಎಳೆದು ಹೊರತರುವವರು ಎಂದೇ ಕರೆಯುತ್ತಾರೆ. ಒಪ್ಪಿಗೆಯಿಲ್ಲದೆ ಎಳೆದೊಯ್ಯಲ್ಪಟ್ಟವರು ನ್ಯಾಯಾಲಯಕ್ಕೆ ಹೋಗಿ ಪರಿಹಾರ ಪಡೆದದ್ದೂ ಇದೆ. ನಾನು ಸ್ಪಷ್ಟವಾಗಿಯೇ ಬೇಡವೆಂದೆ. ಅಪರಿಚಿತರು ಬಾಗಿಲು ಒಡೆದು ಒಳನುಗ್ಗಿದ ದಿನ ಆ ಕೋಣೆಯ ಜೊತೆಗೆ ತಂದೆತಾಯಿಯ ಮೇಲಿನ ನಂಬಿಕೆಯೂ ಹೋಗುತ್ತದೆ, ಮತ್ತೆ ಅವನು ಯಾರನ್ನು ನಂಬಿ ಹೊರಗೆ ಬರಬೇಕು? ಹಾಗಾದರೆ ಹಣ ಕೊಡುವುದನ್ನಾದರೂ ನಿಲ್ಲಿಸುತ್ತೇನೆ ಎಂದರು. ಅದನ್ನೂ ಒಪ್ಪಲಿಲ್ಲ. ಬದಲಿಗೆ ತಿಂಗಳಿಗೆ ಇಷ್ಟೆಂದು ಮೊತ್ತ ನಿಗದಿಮಾಡಿ, ಅದನ್ನು ಕಾಗದದಲ್ಲಿ ಬರೆದು ತಿಳಿಸಿ, ಕೊಡುವ ದಿನ ತಪ್ಪಿಸದೆ ಕೊಡುವಂತೆ, ಕೋಪ ಬಂದಾಗ ಕಡಿತಗೊಳಿಸದಂತೆ, ಕಣ್ಣೀರು ಬಂದಾಗ ಹೆಚ್ಚಿಸದಂತೆ ಸಲಹೆಯಿತ್ತೆ. ಹಣದ ಲೆಕ್ಕ ಕೈಯಲ್ಲಿರುವವರೆಗೆ ಮನುಷ್ಯನಿಗೆ ಹೊರಜಗತ್ತಿನೊಡನೆ ಒಂದು ಎಳೆಯಾದರೂ ಉಳಿದಿರುತ್ತದೆ ಎಂಬುದು ನನ್ನ ಅನುಭವ.

ಮನೆಯ ಮಾತಿನ ಬಗ್ಗೆ ಕೊಟ್ಟ ಸಲಹೆಯೇ ಎಲ್ಲಕ್ಕಿಂತ ಕಠಿಣವಾಗಿ ಕಂಡಿತು. ಕೆಲಸ, ಮದುವೆ, ಓರಗೆಯವರು, ಮುಂದೇನು ಎಂಬ ಈ ನಾಲ್ಕು ವಿಷಯಗಳನ್ನು ಸದ್ಯಕ್ಕೆ ಬಾಯಿಗೆ ತರಬೇಡಿ. ಬೆಳಿಗ್ಗೆ ಬಾಗಿಲ ಮುಂದೆ ಹಾದುಹೋಗುವಾಗ ಶುಭೋದಯ ಹೇಳಿ, ಉತ್ತರಕ್ಕೆ ಕಾಯಬೇಡಿ. ಮಳೆ ಬರುವಂತಿದೆ ಬಟ್ಟೆ ಒಳಗೆ ತರುತ್ತೀಯಾ ಎಂಬಂಥ ಸಣ್ಣ ಸಹಾಯ ಕೇಳಿ, ಮಾಡಿದರೆ ಧನ್ಯವಾದ ಹೇಳಿ, ಮಾಡದಿದ್ದರೆ ಸುಮ್ಮನಿರಿ ಎಂದೆ. ರಸೀದಿ ಓದುವುದನ್ನೂ ಬಿಡಲು ಹೇಳಿದೆ. ತಾಯಿಗೆ ಆ ಮಾತು ನೋವು ತಂದಿತು, ಏಕೆಂದರೆ ಮಗನ ಬಗ್ಗೆ ಅವರಿಗೆ ಸಿಗುತ್ತಿದ್ದ ಸುದ್ದಿ ಅದೊಂದೇ. ಸುದ್ದಿ ಬೇಕಾದರೆ ಅವನನ್ನೇ ಕೇಳಬಹುದಾದ ವಿಷಯವೊಂದನ್ನು ಹುಡುಕಿಕೊಳ್ಳಿ ಎಂದಾಗ ಅವರ ಕಣ್ಣು ಆ ಮಾಂಗಾದ ಮೇಲೆ ಹೋಯಿತು.

ಮುಂದಿನ ವಾರಗಳಲ್ಲಿ ಅವರು ಮೂರು ಸಂಪುಟಗಳನ್ನು ಓದಿ ಮುಗಿಸಿದರು. ಅನಂತರ ಒಂದು ರಾತ್ರಿ ಊಟದ ತಟ್ಟೆ ಇಡುವಾಗ, “ನಾನೂ ಓದುತ್ತಿದ್ದೇನೆ ಕಣೋ, ಕೇಳದೆ ತೆಗೆದುಕೊಂಡೆ, ಕ್ಷಮಿಸು. ನಾಲ್ಕನೆಯದು ಸಿಗಲಿಲ್ಲ” ಎಂದು ಮುಚ್ಚಿದ ಬಾಗಿಲಿಗೆ ಹೇಳಿ ಕೆಳಗಿಳಿದರು. ಬೆಳಿಗ್ಗೆ ತೊಳೆದಿಟ್ಟ ತಟ್ಟೆಯ ಪಕ್ಕದಲ್ಲಿ ನಾಲ್ಕನೆಯ ಸಂಪುಟವಿತ್ತು. ತಟ್ಟೆ ತೊಳೆದಿದ್ದ ಎಂಬುದನ್ನು ಅವರು ನನಗೆ ಮತ್ತೆ ಮತ್ತೆ ಹೇಳಿದರು. ಪುಸ್ತಕದ ಬಗ್ಗೆ ಬಾಗಿಲ ಈಚೆಯಿಂದ ಒಂದೊಂದು ಮಾತು, ಆಚೆಯಿಂದ ಒಂದೊಂದು ಮಾತು ಶುರುವಾಗಿ, ಕ್ರಮೇಣ ಅವನು ತಂದೆ ಇಲ್ಲದ ಹೊತ್ತಿನಲ್ಲಿ ಅಡುಗೆಮನೆಗೆ ಬಂದು ಕೂರತೊಡಗಿದ. ನಾನು ಬರೆದ ಒಂದು ಚಿಕ್ಕ ಪತ್ರವನ್ನು ತಾಯಿ ಅಲ್ಲಿಯೇ ಕೊಟ್ಟರು. ಅದರಲ್ಲಿ ನನ್ನ ಪರಿಚಯ, ತಂದೆತಾಯಿ ನನ್ನ ಬಳಿಗೆ ಬರುತ್ತಿರುವ ಸಂಗತಿ, ಬರಬೇಕೆನಿಸಿದರೆ ಯಾವ ಹೊತ್ತಿನಲ್ಲಿ ಕೇಂದ್ರದಲ್ಲಿ ಜನ ಕಡಿಮೆ ಎಂಬ ವಿವರ ಇಷ್ಟೇ ಇತ್ತು.

ಅವನು ಬಂದದ್ದು ಚಳಿಗಾಲದ ಒಂದು ಸಂಜೆ, ಕತ್ತಲಾದ ಮೇಲೆ. ಮಾಸ್ಕ್ ತೆಗೆಯಲಿಲ್ಲ. ಬಹಳ ಹೊತ್ತಿನ ಬಳಿಕ, “ನೀವೂ ಒಪ್ಪಂದಪತ್ರ ತಂದಿದ್ದೀರಾ?” ಎಂದು ಕೇಳಿದ. ಮಿಸಾಕಿಯ ಒಪ್ಪಂದವನ್ನು ಕುರಿತ ಮಾತೆಂದು ನನಗೆ ಅರ್ಥವಾಯಿತು. ನಮ್ಮಲ್ಲೂ ಒಂದು ಕಾಗದವಿದೆ, ಆದರೆ ಅದರಲ್ಲಿ ನಿಮ್ಮನ್ನು ಕಟ್ಟಿಹಾಕುವ ಮಾತಿಲ್ಲ, ಇಲ್ಲಿ ಆಡಿದ್ದನ್ನು ನಾನು ಗುಟ್ಟಾಗಿಡುತ್ತೇನೆ ಮತ್ತು ನೀವು ಬೇಕಾದಾಗ ಬಿಟ್ಟುಹೋಗಬಹುದು ಎಂದಷ್ಟೇ ಇದೆ ಎಂದೆ. ಆಗ ಅವನು ನಿಜವಾದ ಪ್ರಶ್ನೆಗೆ ಬಂದ. ಕಥೆ ಸಾಗಿದಂತೆ ಮಿಸಾಕಿ ಸಾತೋವನ್ನು ಆರಿಸಿಕೊಂಡದ್ದಕ್ಕೆ ಕಾರಣ ಹೊರಬೀಳುತ್ತದೆ: ತನಗಿಂತಲೂ ಕೆಲಸಕ್ಕೆ ಬಾರದವನೊಬ್ಬ ಅವಳಿಗೆ ಬೇಕಾಗಿತ್ತು. “ನನ್ನನ್ನು ನೋಡಿದಾಗ ನಿಮಗೂ ಹಾಗೆ ನೆಮ್ಮದಿಯಾಗುತ್ತದೆಯೇ?” ಎಂದು ಕೇಳಿದ.

ಸಹಾಯ ಮಾಡುವ ಎಲ್ಲರೂ ಕೇಳಿಸಿಕೊಳ್ಳಬೇಕಾದ ಪ್ರಶ್ನೆಯಿದು, ಮತ್ತು ಬಾಗಿಲು ಮುಚ್ಚಿಕೊಂಡ ಯುವಜನರು ಎದುರಿನವರಲ್ಲಿ ಮೊದಲು ಪರೀಕ್ಷಿಸುವುದೂ ಇದನ್ನೇ ಎಂದು ನಾನು ದೃಢವಾಗಿ ನಂಬಿದ್ದೇನೆ. ನನಗೆ ಸಂಬಳ ಬರುತ್ತದೆ, ಆದ್ದರಿಂದ ನೀವು ಕೀಳಾಗಿದ್ದು ನನಗೆ ಆಗಬೇಕಾದದ್ದು ಏನೂ ಇಲ್ಲ; ನೀವು ಇಲ್ಲಿಗೆ ಬರುವುದನ್ನು ನಿಲ್ಲಿಸಿ ನಿಮ್ಮ ಪಾಡಿಗೆ ಇರುವಂತಾದರೆ ನನ್ನ ಕೆಲಸ ಮುಗಿದಂತೆ ಎಂದು ಉತ್ತರಿಸಿದೆ. ಅವನಿಗೆ ಅದು ಸಮಾಧಾನ ತಂದಂತೆ ಕಂಡಿತು. ಗೆಳತಿಯೋ ಗುರುವೋ ಯಾರೋ ಒಬ್ಬರು ಬಂದು ಮೇಲೆತ್ತಬೇಕೆಂಬ ನಿರೀಕ್ಷೆ ಅವನಲ್ಲಿತ್ತು, ಹಾಗೆ ಬಂದವರು ಬಿಟ್ಟುಹೋದರೆ ಎಂಬ ಭಯವೂ ಅಷ್ಟೇ ಇತ್ತು. ಹೀಗಾಗಿ ಒಬ್ಬರ ಮೇಲೆ ಎಲ್ಲ ಭಾರ ಹಾಕದಂತೆ, ತಾಯಿಯ ಜೊತೆ ಪುಸ್ತಕ, ನನ್ನ ಜೊತೆ ಭಯದ ಮಾತು, ಅಪರಿಚಿತರ ಜೊತೆ ಬರಿಯ ಹಾಜರಿ ಎಂದು ಸಂಬಂಧಗಳನ್ನು ಹಂಚಿಕೊಳ್ಳಲು ಹೇಳಿದೆ. ಹಾಜರಿಗೆ ಜಾಗವಿತ್ತು. ನಿರುದ್ಯೋಗಿ ಎಂದು ಯಾರೂ ವಿಚಾರಿಸದ, ಮಾತಾಡಲೇಬೇಕೆಂಬ ಒತ್ತಾಯವಿಲ್ಲದ, ಚಹಾ ಕುಡಿದು ಬೋರ್ಡ್ ಆಟ ಆಡಿ ಬರಬಹುದಾದ ಕೂಡುತಾಣಗಳು ಅಲ್ಲಿನ ಹಲವು ನಗರಗಳಲ್ಲಿವೆ. ಮೊದಲು ಕಟ್ಟಡದವರೆಗೆ ಹೋಗಿ ವಾಪಸಾಗಲಿ, ಆಮೇಲೆ ಒಳಗೆ ಹತ್ತು ನಿಮಿಷ ಕೂರಲಿ, ಎದ್ದು ಬರಬೇಕೆನಿಸಿದಾಗ ಕಾರಣ ಹೇಳದೆ ಬರಲಿ ಎಂದು ನಿಧಾನವಾಗಿ ಹೆಜ್ಜೆಗಳನ್ನು ಗೊತ್ತುಮಾಡಿಕೊಂಡೆವು.

ಎಲ್ಲವೂ ಸರಿಹೋಗುತ್ತಿದೆ ಎನ್ನುವಾಗ ಏಪ್ರಿಲ್ ಬಂತು. ಹೊಸ ಸೂಟು ತೊಟ್ಟ ನೌಕರರಿಂದ ರೈಲುಗಳು ತುಂಬಿಹೋಗುವ ತಿಂಗಳದು. ಕೂಡುತಾಣಕ್ಕೆ ಹೊರಟವನು ಬೋಗಿಯೊಳಗೆ ಅವರ ನಡುವೆ ಸಿಕ್ಕಿಕೊಂಡು, ಮುಂದಿನ ನಿಲ್ದಾಣದಲ್ಲಿಳಿದು ನಡೆದೇ ಮನೆ ಸೇರಿದ. ಮಳೆಗಾಲ ಶುರುವಾಗುವವರೆಗೂ ಮತ್ತೆ ಹೊರಗೆ ಬರಲಿಲ್ಲ. ತಂದೆ ಹಳೆಯ ಕೈಪಿಡಿಯನ್ನು ಮತ್ತೆ ತೆಗೆದರು. ಈ ಹಿನ್ನಡೆಯಲ್ಲೂ ಅವನು ಅಡುಗೆಮನೆಗೆ ಬರುವುದನ್ನು ನಿಲ್ಲಿಸಿಲ್ಲ ಎಂಬುದನ್ನು ತೋರಿಸಿ, ಮಾತು ನಿಲ್ಲಿಸದಿರಿ, ಪ್ರಶ್ನೆ ಹಾಕದಿರಿ ಎಂದು ಅವರನ್ನು ಬೇಡಿಕೊಂಡೆ. ತಂದೆ ಕೇಳಿದರು. ತಮ್ಮ ಯೌವನದಲ್ಲಿ ಒಂದು ಕಂಪನಿಯಿಂದ ತಮಗೂ ನಿರಾಕರಣೆ ಬಂದಿತ್ತೆಂದು ಊಟದ ಹೊತ್ತಿನಲ್ಲಿ ಮಗನಿಗೆ ಹೇಳಿದರಂತೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಈಗ ಅವನು ಜನಜಂಗುಳಿ ಇಳಿದ ಮೇಲೆ, ಹತ್ತು ಗಂಟೆಯ ನಂತರದ ರೈಲಿನಲ್ಲಿ ವಾರಕ್ಕೆರಡು ಸಲ ಕೂಡುತಾಣಕ್ಕೆ ಹೋಗುತ್ತಾನೆ. ಯುವಜನರಿಗೆ ಉದ್ಯೋಗದ ದಾರಿ ತೋರಲು 2006ರಲ್ಲಿ ಆರಂಭವಾಗಿ, ಈಗ 49 ವರ್ಷದವರೆಗಿನವರಿಗೂ ತೆರೆದಿರುವ ಸರಕಾರಿ ಬೆಂಬಲ ಕೇಂದ್ರದಲ್ಲಿ ಹೆಸರು ನೋಂದಾಯಿಸಿದ್ದಾನೆ. ಅವರು ಗೊತ್ತುಮಾಡಿದ ಗೋದಾಮಿನಲ್ಲಿ ದಿನಕ್ಕೆ ಮೂರು ಗಂಟೆ ಪೊಟ್ಟಣ ಕಟ್ಟುವ ಕೆಲಸವನ್ನು ಒಂದು ವಾರ ಮಾಡಿನೋಡಿ, ಇನ್ನೂ ಕೆಲವು ವಾರ ಮುಂದುವರಿಸುವುದಾಗಿ ಹೇಳಿದ್ದಾನೆ. ಪೂರ್ಣಾವಧಿ ನೌಕರಿ ಯಾವಾಗ ಎಂದು ತಂದೆ ನನ್ನನ್ನು ಕೇಳಿದಾಗ, ಅದನ್ನು ಬದಿಗಿಟ್ಟು ಮನೆಯ ಲೆಕ್ಕವನ್ನು ಮೂವರೂ ಒಟ್ಟಿಗೆ ಕೂತು ನೋಡಿ ಎಂದೆ: ನಿವೃತ್ತಿಯ ಬಳಿಕ ಪಿಂಚಣಿ ಎಷ್ಟು, ಮನೆಸಾಲ ಎಷ್ಟು ಉಳಿದಿದೆ, ಮಗನ ಆರೋಗ್ಯವಿಮೆ ಮತ್ತು ಪಿಂಚಣಿಯ ಕಂತನ್ನು ಯಾರು ಕಟ್ಟುತ್ತಿದ್ದಾರೆ ಎಂಬುದೆಲ್ಲ ಅವನಿಗೂ ತಿಳಿದಿರಲಿ. ಎಂಬತ್ತು ದಾಟಿದ ತಂದೆತಾಯಿ ಐವತ್ತು ದಾಟಿದ ಮಕ್ಕಳನ್ನು ಸಾಕುತ್ತಿರುವ ಎಷ್ಟೋ ಮನೆಗಳಲ್ಲಿ ಈ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಆಡಿರುವುದಿಲ್ಲ. ಮೊದಲ ಬಾರಿ ಕೂತಾಗ ಅವನು ಅರ್ಧಕ್ಕೆ ಎದ್ದುಹೋದನಂತೆ, ಎರಡನೆಯ ಬಾರಿ ಕೊನೆಯವರೆಗೂ ಇದ್ದನಂತೆ. ತಿಂಗಳಿಗೊಮ್ಮೆ ತಾಯಿ, ಎರಡು ವಾರಕ್ಕೊಮ್ಮೆ ಮಗ ನನ್ನ ಬಳಿಗೆ ಬರುವುದು ಸದ್ಯಕ್ಕೆ ಮುಂದುವರಿದಿದೆ. ಮುಂದಿನ ಏಪ್ರಿಲ್‌ನಲ್ಲಿ ಆ ಭೇಟಿಗಳನ್ನು ವಾರಕ್ಕೊಮ್ಮೆ ಇಟ್ಟುಕೊಳ್ಳೋಣವೆಂದು ಅವನೇ ಕೇಳಿಕೊಂಡಿದ್ದಾನೆ.