ನೆದರ್‌ಲ್ಯಾಂಡ್ಸ್‌ನ ಹಳ್ಳಿ ಕಡೆ ಸೈಕಲ್ ದಾರಿಯ ಬಿಲ್ಲೆ ಕಿತ್ತು ಕಾಂಕ್ರೀಟ್ ಹಾಕುವುದು ಯಾಕೆ?

ಬಿಲ್ಲೆ ಬೇಗ ಏರುಪೇರಾಗುತ್ತದೆ, ಅದಕ್ಕೇ. ಮುಖ್ಯರಸ್ತೆ ಪಕ್ಕದ ಹಳೆಯ ಸೈಕಲ್ ದಾರಿಗಳಿಗೆ ಅಲ್ಲಿ 30 ಸೆಂ.ಮೀ. ಚೌಕದ ಕಾಂಕ್ರೀಟ್ ಬಿಲ್ಲೆ ಹಾಸುತ್ತಿದ್ದರು. ಮರದ ಬೇರಿನ ಕಾಟ ಜಾಸ್ತಿ. ಬಿಲ್ಲೆಗಳ ಸಂದಿಯಲ್ಲಿ ನೀರು, ಗಾಳಿ ಇಳಿಯುತ್ತದೆ. ಬೇರು ಅದರ ಆಸೆಗೆ ಮೇಲೆ ಬಂದು ಒಂದೊಂದೇ ಬಿಲ್ಲೆಯನ್ನು ಎತ್ತುತ್ತದೆ. ಬೆರಳು ದಪ್ಪ ಎದ್ದರೂ ಸಾಕು, ಮುಂದಿನ ಚಕ್ರ ಧಡ್ ಅಂತ ಬಡಿಯುತ್ತದೆ. ಹಾಗೆ ಬಡಿದಾಗಲೆಲ್ಲ ನೀವು ತುಳಿದ ಶಕ್ತಿ ಸುಮ್ನೆ ಸೋರಿಹೋಗುತ್ತದೆ, ಸೈಕಲ್ ಭಾರ ಅನ್ನಿಸುತ್ತದೆ. ಉದ್ದಕ್ಕೆ ಸುರಿದ ಕಾಂಕ್ರೀಟನ್ನು ಎತ್ತುವುದು ಬೇರಿಗೆ ಅಷ್ಟು ಸುಲಭವಲ್ಲ. ಡಾಂಬರೂ ನುಣುಪೇ, ಆದರೆ ತೆಳುವಾಗಿದ್ದರೆ ಅದೂ ಉಬ್ಬುತ್ತದೆ. ದಾರಿ ಕೆಟ್ಟರೆ ಕೆಲವರು ರಸ್ತೆಗಿಳಿಯುತ್ತಾರೆ, ಅಲ್ವಾ? ಊರಾಚೆ ಅಲ್ಲಿ ಕಾರುಗಳ ವೇಗದ ಮಿತಿ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ.