ಜಿಂಕೆ ರಾಜ್ಯದ್ದು, ನೆಲ ದೇಶದ್ದು

ಅಮೆರಿಕದ ಮಿನ್ನೆಸೋಟಾದಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರದ ಸಾರ ಇದು: ‘ಹೊರರಾಜ್ಯದ ಬೇಟೆಗಾರರಿಂದ ಹೆಚ್ಚು ಪರವಾನಗಿ ಶುಲ್ಕ ಪಡೆಯುವುದು ಸರಿಯೇ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ವಯೋಮಿಂಗ್ ರಾಜ್ಯದಲ್ಲಿ ಎಲ್ಕ್ ಎಂಬ ಜಿಂಕೆಯ ಬೇಟೆಗೆ ಅಲ್ಲಿನ ನಿವಾಸಿ 57 ಡಾಲರ್ ಕೊಟ್ಟರೆ ನಾನು 692 ಡಾಲರ್ ಕೊಡಬೇಕು. ನಾನು ಬೇಟೆಯಾಡುವ ಕಾಡು ಕೇಂದ್ರ ಸರ್ಕಾರದ್ದು. ಅದಕ್ಕೆ ನನ್ನ ತೆರಿಗೆಯೂ ಸಲ್ಲುತ್ತದೆ. ಹನ್ನೆರಡು ಪಟ್ಟು ಯಾವ ನ್ಯಾಯ? ಕೋರ್ಟಿಗೆ ಹೋದರೆ ಗೆಲ್ಲಬಹುದೇ?’

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡೇ ಸಾಲಿನಲ್ಲಿ ತೀರ್ಪು ಕೊಟ್ಟು ಮುಂದೆ ಹೋಗುವಷ್ಟು ಸಣ್ಣ ವಿಷಯ ಇದಲ್ಲ. ಅಂದು ನಾನು ಹಾಗೆ ಬರೆದದ್ದು ತಪ್ಪು. ಆದರೂ ನಿಮ್ಮ ವಾದದ ಮೊದಲ ಭಾಗವನ್ನು ನಾನು ಒಪ್ಪಲಾರೆ.

ಕಾಡು ದೇಶದ್ದು, ನಿಜ. ವಯೋಮಿಂಗ್‌ನ ಹೆಚ್ಚುಕಡಿಮೆ ಅರ್ಧ ನೆಲ ಕೇಂದ್ರ ಸರ್ಕಾರದ ಕೈಯಲ್ಲಿದೆ. ಆದರೆ ಆ ನೆಲದ ಮೇಲೆ ಓಡಾಡುವ ಎಲ್ಕ್‌ನ ಹೊಣೆ ರಾಜ್ಯದ್ದು. ಕಡವೆಯ ಬಳಗಕ್ಕೆ ಸೇರಿದ ಈ ದೊಡ್ಡ ಜಿಂಕೆ ಬೇಸಿಗೆಯಲ್ಲಿ ಬೆಟ್ಟದ ಮೇಲಿರುತ್ತದೆ. ಹಿಮ ಬಿದ್ದೊಡನೆ ಕಣಿವೆಗೆ ಇಳಿದು ರೈತರ ಹುಲ್ಲಿನ ಮೆದೆಗೆ ಬಾಯಿ ಹಾಕುತ್ತದೆ. ಆ ನಷ್ಟಕ್ಕೆ ಪರಿಹಾರ ಕೊಡುವುದು ರಾಜ್ಯ. ಚಳಿಗಾಲದುದ್ದಕ್ಕೂ ಇಪ್ಪತ್ತಕ್ಕೂ ಹೆಚ್ಚು ತಾಣಗಳಲ್ಲಿ ಹಿಂಡುಗಳಿಗೆ ಮೇವು ಹಾಕಿಸುವುದೂ ರಾಜ್ಯವೇ. ಸಕಲೇಶಪುರದ ಗದ್ದೆಯಲ್ಲಿ ಆನೆಗೆ ಹೆದರಿ ರಾತ್ರಿ ಕಾವಲು ಕೂರುವ ರೈತನಿಗೂ, ವರ್ಷಕ್ಕೊಮ್ಮೆ ಆನೆ ನೋಡಲು ಕಾರಿನಲ್ಲಿ ಬರುವ ಬೆಂಗಳೂರಿನವನಿಗೂ ಆ ಆನೆಯ ಮೇಲೆ ಒಂದೇ ಬಗೆಯ ಹಕ್ಕಿದೆ ಎಂದು ಯಾರಾದರೂ ಹೇಳಿದರೆ ನನಗೆ ಕೋಪ ಬರುತ್ತದೆ. ಪ್ರಾಣಿಯ ಜೊತೆ ವರ್ಷವಿಡೀ ಬಾಳುವವನಿಗೆ ಮೊದಲ ಪಾಲು ಸಲ್ಲಲೇಬೇಕು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಮತ್ತು 1991ರ ತಿದ್ದುಪಡಿಯ ಬಳಿಕ ಮೋಜಿನ ಬೇಟೆಗೆ ಪರವಾನಗಿಯೇ ಇಲ್ಲ. ಹಾಗಾಗಿ ಬೇಟೆಯ ಪಾಲು ಹಂಚುವ ಪ್ರಶ್ನೆ ನಮಗೆ ಹೊಸದು. ಕಾಡಿನಂಚಿನ ಬದುಕಿನ ಬೆಲೆ ಏನೆಂಬುದು ಮಾತ್ರ ನಮಗೆ ಚೆನ್ನಾಗಿ ಗೊತ್ತು.

ನಿಮ್ಮ ಪ್ರಶ್ನೆಯನ್ನು ನಿಮ್ಮ ರಾಜ್ಯದವರೇ ಹಿಂದೊಮ್ಮೆ ಸುಪ್ರೀಂ ಕೋರ್ಟಿನವರೆಗೆ ಒಯ್ದಿದ್ದರು. 1976ರಲ್ಲಿ ಮೊಂಟಾನಾದ ನಿವಾಸಿಗೆ ಎಲ್ಕ್ ಪರವಾನಗಿ 9 ಡಾಲರಿಗೆ ಸಿಗುತ್ತಿತ್ತು. ಹೊರಗಿನವರು ಬೇರೆ ಪ್ರಾಣಿಗಳನ್ನೂ ಸೇರಿಸಿ 225 ಡಾಲರಿನ ಪರವಾನಗಿಯನ್ನೇ ಕೊಳ್ಳಬೇಕಿತ್ತು. ಮೊಂಟಾನಾದ ಒಬ್ಬ ಬೇಟೆ ಮಾರ್ಗದರ್ಶಿ ಮತ್ತು ಮಿನ್ನೆಸೋಟಾದ ಕೆಲವರು ಹೂಡಿದ ಆ ದಾವೆ 1978ರಲ್ಲಿ ಬಿದ್ದುಹೋಯಿತು. ಆರು ನ್ಯಾಯಮೂರ್ತಿಗಳು ರಾಜ್ಯದ ಪರ ನಿಂತರು. ಎಲ್ಕ್ ಬೇಟೆ ವಿಹಾರ, ಹೊಟ್ಟೆಪಾಡಲ್ಲ, ಆದ್ದರಿಂದ ಸಂವಿಧಾನ ಕಾಪಾಡುವ ಮೂಲಭೂತ ಹಕ್ಕುಗಳ ಸಾಲಿಗೆ ಅದು ಸೇರದು ಎಂದರು. ಇದೇ ನ್ಯಾಯಾಲಯ 1948ರಲ್ಲಿ ದಕ್ಷಿಣ ಕೆರೊಲಿನಾದ ಸಿಗಡಿ ಪರವಾನಗಿಯನ್ನು ರದ್ದುಮಾಡಿತ್ತು. ಅಲ್ಲಿ ಸ್ಥಳೀಯ ದೋಣಿಗೆ 25 ಡಾಲರ್, ಹೊರಗಿನ ದೋಣಿಗೆ 2,500. ಸಿಗಡಿ ಹಿಡಿಯುವವನದು ಅನ್ನದ ಪ್ರಶ್ನೆಯಾಗಿತ್ತು. ಈ ವ್ಯತ್ಯಾಸ ನನಗೂ ಸರಿಯೆನಿಸುತ್ತದೆ. ಆದರೆ 1978ರಲ್ಲಿ ಭಿನ್ನಮತ ಬರೆದ ನ್ಯಾಯಮೂರ್ತಿ ಬ್ರೆನನ್ ಮತ್ತು ಅವರ ಜೊತೆಗಿದ್ದ ಇನ್ನಿಬ್ಬರ ಮಾತೂ ನನ್ನನ್ನು ಕಾಡುತ್ತದೆ. ಹೊರಗಿನವರಿಂದಲೇ ಆಗುವ ಯಾವ ತೊಂದರೆಗೆ ಈ ಹೆಚ್ಚಳ ಎಂಬುದನ್ನು ರಾಜ್ಯ ತೋರಿಸಿಕೊಡಬೇಕು ಎಂಬುದು ಅವರ ನಿಲುವಾಗಿತ್ತು.

ಆ ಮಾತು ಇಂದಿನ ವಯೋಮಿಂಗ್‌ಗೆ ಇನ್ನೂ ಚೆನ್ನಾಗಿ ಅನ್ವಯಿಸುತ್ತದೆ. ನೀವು 692 ಡಾಲರಿನ ಬಗ್ಗೆ ಬರೆದಿರಿ, ‘ವಿಶೇಷ’ ಪರವಾನಗಿಯ ಬಗ್ಗೆ ಬರೆಯಲಿಲ್ಲ. ಹೊರಗಿನವರಿಗೆ ಮೀಸಲಾದ ಪರವಾನಗಿಗಳನ್ನು ಚೀಟಿ ಎತ್ತಿ ಹಂಚುತ್ತಾರೆ. ಅವುಗಳಲ್ಲಿ ಶೇಕಡಾ 40ರಷ್ಟನ್ನು ಹೆಚ್ಚು ಹಣ ಕೊಡಬಲ್ಲವರಿಗಾಗಿ ಬೇರೆ ತೆಗೆದಿಡುತ್ತಾರೆ. 2024ರಿಂದ ಎಲ್ಕ್‌ಗೆ ಅದರ ಬೆಲೆ 1,950 ಡಾಲರ್. ಪ್ರಾಣಿ ಅದೇ, ಋತು ಅದೇ, ಬೆಟ್ಟ ಅದೇ. ಹೆಚ್ಚು ಕೊಟ್ಟವನು ಕಡಿಮೆ ಜನರಿರುವ ಸಾಲಿನಲ್ಲಿ ನಿಂತು ಚೀಟಿ ಎತ್ತುತ್ತಾನೆ, ಅಷ್ಟೇ. ಇದರಲ್ಲಿ ನಿವಾಸಿಯ ಹಿತವೂ ಇಲ್ಲ, ಎಲ್ಕ್‌ನ ಹಿತವೂ ಇಲ್ಲ. ರಾಜ್ಯದ ವನ್ಯಜೀವಿ ಇಲಾಖೆಗೆ ಹಣ ಬರುತ್ತದೆ, ಬೇಟೆಗಾರರ ಶುಲ್ಕದಿಂದಲೇ ಬಹುಪಾಲು ನಡೆಯುವ ಇಲಾಖೆಗೆ ಅದು ಬೇಕೂ ಬೇಕು. ಬೇಕಿದ್ದರೆ ಎಲ್ಲ ಹೊರಗಿನವರಿಗೂ ಒಂದೇ ದರ ಏರಿಸಲಿ. ಚೀಟಿ ಎತ್ತುವುದು ಎಂದ ಮೇಲೆ ಶಾಲಾ ಶಿಕ್ಷಕನ ಚೀಟಿಗೂ ಬ್ಯಾಂಕ್ ಮಾಲೀಕನ ಚೀಟಿಗೂ ಒಂದೇ ತೂಕ ಇರಬೇಕು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕೇಂದ್ರ ಸರ್ಕಾರ ‘ವನ್ಯಪ್ರದೇಶ’ ಎಂದು ಘೋಷಿಸಿದ ಮೂವತ್ತು ಲಕ್ಷ ಎಕರೆಗೂ ಹೆಚ್ಚು ನೆಲ ವಯೋಮಿಂಗ್‌ನಲ್ಲಿದೆ. ಅಲ್ಲಿ ನೀವು ಒಬ್ಬರೇ ಚಾರಣ ಮಾಡಬಹುದು, ಡೇರೆ ಹಾಕಬಹುದು, ಮೀನು ಹಿಡಿಯಬಹುದು. ಆದರೆ ದೊಡ್ಡ ಪ್ರಾಣಿಯ ಬೇಟೆಗೆ ಬಂದೂಕು ಹಿಡಿದರೆ ಪರವಾನಗಿ ಪಡೆದ ಮಾರ್ಗದರ್ಶಿ ಜೊತೆಗಿರಬೇಕು. ಹೊರಗಿನವನು ದಾರಿ ತಪ್ಪಬಾರದು ಎಂಬುದು ಸಮರ್ಥಕರು ಕೊಡುವ ಕಾರಣ. ಮೀನು ಹಿಡಿಯುವವನು ಕಾಡಿನಲ್ಲಿ ದಾರಿ ತಪ್ಪುವುದಿಲ್ಲವೇ? ರಾಜಧಾನಿ ಶೈಯೆನ್‌ನಲ್ಲಿ ಮನೆ ಮಾಡಿ, ಬೆಟ್ಟವನ್ನೇ ಹತ್ತದ ನಿವಾಸಿಗೆ ಈ ನಿಯಮವಿಲ್ಲ. ನಿಮ್ಮ ‘ನೆಲ ನನ್ನದೂ ಹೌದು’ ಎಂಬ ಮಾತಿಗೆ ಇಲ್ಲಿ ಪೂರ್ತಿ ಬಲವಿದೆ. ಕಳೆದ ಸಂಚಿಕೆಯಲ್ಲಿ ನಾನು ಇದನ್ನು ಗಮನಿಸದೆ ಬರೆದೆ.

ಇನ್ನು ಕೋರ್ಟಿನ ವಿಷಯ. ಅರಿಜೋನಾ ರಾಜ್ಯ ಬೇಟೆ ಪರವಾನಗಿಗಳಲ್ಲಿ ಹೊರಗಿನವರ ಪಾಲಿಗೆ ವಿಧಿಸಿದ್ದ ಶೇಕಡಾ 10ರ ಮಿತಿಯ ವಿರುದ್ಧ 2002ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಬೇಟೆಗಾರರಿಗೆ ಗೆಲುವು ಸಿಕ್ಕಿತು. ಆದರೆ 2005ರಲ್ಲಿ ಅಮೆರಿಕದ ಸಂಸತ್ತು, ಹೊರಗಿನವರಿಗೆ ಬೇರೆ ಶುಲ್ಕ, ಬೇರೆ ಮಿತಿ ಇಡುವ ಅಧಿಕಾರ ರಾಜ್ಯಗಳಿಗಿದೆ ಎಂದು ಕಾನೂನನ್ನೇ ಮಾಡಿತು. ಶುಲ್ಕದ ಮೇಲೆ ದಾವೆ ಹೂಡಿ ಹಣ ಕಳೆದುಕೊಳ್ಳಬೇಡಿ. ವನ್ಯಪ್ರದೇಶದ ನಿಯಮದ ಬಗ್ಗೆ ಮಾತ್ರ ನಿಮ್ಮ ಸಂಸದರಿಗೆ ಬರೆಯಿರಿ. ವಯೋಮಿಂಗ್‌ನಲ್ಲಿ ನಿಮಗೆ ಮತವಿಲ್ಲ, ಆದರೆ ಆ ನೆಲದ ಒಡೆತನ ವಾಷಿಂಗ್ಟನ್ನಿನಲ್ಲಿದೆ, ಅಲ್ಲಿ ನಿಮ್ಮ ಪ್ರತಿನಿಧಿ ಇದ್ದಾರೆ.

ಅಲ್ಲಿಯವರೆಗೆ ಒಂದು ದಾರಿಯಿದೆ. ನಿಮ್ಮ ಗೆಳೆಯರೊಬ್ಬರು ವಯೋಮಿಂಗ್‌ನ ಕೋಡಿ ಪಟ್ಟಣದಲ್ಲಿ ಮನೆ ಮಾಡಿದ್ದಾರೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ವಯೋಮಿಂಗ್ ನಿವಾಸಿಯೊಬ್ಬರು ಹಣ ಪಡೆಯದೆ ಹೊರಗಿನವರನ್ನು ವನ್ಯಪ್ರದೇಶಕ್ಕೆ ಕರೆದೊಯ್ಯಲು ರಾಜ್ಯವೇ ಉಚಿತ ಪರವಾನಗಿ ಕೊಡುತ್ತದೆ. ಚೀಟಿಯಲ್ಲಿ ನಿಮ್ಮ ಹೆಸರು ಬಂದರೆ, ಹೊರಡುವ ಮೊದಲು ಅವರ ಕೈಯಲ್ಲಿ ಆ ಅರ್ಜಿ ಹಾಕಿಸಿ.

— ಸಂಪಾದಕ