ಹಳೆಯ ಡೆಸ್ಕ್‌ಟಾಪ್‌ಗೆ ಜಿಟಿ 1030 ಸಾಕೇ?

ನಾಲ್ಕನೇ ಪೀಳಿಗೆಯ ಐ5 ಪ್ರೊಸೆಸರ್, 240 ವ್ಯಾಟ್ ಪವರ್ ಸಪ್ಲೈ ಇರುವ ಡೆಸ್ಕ್‌ಟಾಪ್‌ನಲ್ಲಿ ಸಿವಿಲೈಸೇಷನ್ 6 ಆಡಲು ಜಿಟಿ 1030 ಗ್ರಾಫಿಕ್ಸ್ ಕಾರ್ಡ್ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ದುಡುಕಬೇಡಿ. ಆ ಒಂದೇ ಹೆಸರಿನಲ್ಲಿ ಎರಡು ಕಾರ್ಡುಗಳಿವೆ. ಜಿಡಿಡಿಆರ್5 ಮೆಮೊರಿಯದು ಸೆಕೆಂಡಿಗೆ 48 ಗಿಗಾಬೈಟ್ ದತ್ತಾಂಶ ಸಾಗಿಸಿದರೆ, ಡಿಡಿಆರ್4 ಮೆಮೊರಿಯದು 17ನ್ನೂ ಮುಟ್ಟುವುದಿಲ್ಲ. ನಾನು ಡಬ್ಬಿಯ ಮೂಲೆಯ ಸಣ್ಣಕ್ಷರ ಓದದೆ ಎರಡನೆಯದನ್ನು ತಂದು, ನಕ್ಷೆಯನ್ನು ಸರಿಸಿದಾಗಲೆಲ್ಲ ಪರದೆ ತಡವರಿಸುವುದನ್ನು ಎರಡು ವರ್ಷ ಸಹಿಸಿದೆ. ನಿಮಗೆ ಹಾಗಾಗಬಾರದು.

ನನ್ನ ಆಯ್ಕೆ ಜಿಟಿಎಕ್ಸ್ 1650. ನಾಲ್ಕು ಗಿಗಾಬೈಟ್ ಮೆಮೊರಿ, 75 ವ್ಯಾಟ್ ಬಳಕೆ. ಪ್ರತ್ಯೇಕ ವಿದ್ಯುತ್ ತಂತಿ ಬೇಡದ ಮಾದರಿಯನ್ನೇ ಕೇಳಿ ಪಡೆಯಿರಿ, ಏಕೆಂದರೆ ಕೆಲವು ಮಾದರಿಗಳಿಗೆ ಆರು ಪಿನ್ನಿನ ತಂತಿ ಬೇಕು. ಕ್ಯಾಬಿನೆಟ್ ತೆಳುವಾಗಿದ್ದರೆ ಅರ್ಧ ಎತ್ತರದ ಕಾರ್ಡೇ ಬೇಕು. ಕೊಳ್ಳುವ ಮುನ್ನ ಸ್ಕೇಲ್ ಹಿಡಿದು ಅಳೆಯಿರಿ. ಆರ್‌ಎಕ್ಸ್ 6400 ಎಂಬ ಇನ್ನೊಂದು ಕಾರ್ಡ್ ಇನ್ನೂ ಕಡಿಮೆ ವಿದ್ಯುತ್ ಬಳಸುತ್ತದೆ, ನಿಜ. ಆದರೆ ಅದು ಪಿಸಿಐಇಯ, ಅಂದರೆ ಕಾರ್ಡನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಂಪರ್ಕದ, ನಾಲ್ಕೇ ಪಥಗಳನ್ನು ಬಳಸುವುದರಿಂದ, ಪ್ರತಿ ಪಥವೂ ನಿಧಾನವಾಗಿರುವ ನಿಮ್ಮ ಹಳೆಯ ಮದರ್‌ಬೋರ್ಡ್‌ನಲ್ಲಿ ಅದರ ವೇಗ ಕುಗ್ಗುತ್ತದೆ.

ಆಟದ ಕೊನೆಯ ಹಂತದಲ್ಲಿ ಎದುರಾಳಿಗಳ ಸರದಿ ಮುಗಿಯಲು ಹಿಡಿಯುವ ಸಮಯ ಮುಖ್ಯವಾಗಿ ಪ್ರೊಸೆಸರ್‌ನದು, ಕಾರ್ಡಿನದಲ್ಲ. ಅದಕ್ಕೆ ಚಿಕ್ಕ ನಕ್ಷೆ ಆರಿಸಿ, ಎದುರಾಳಿಗಳನ್ನು ಕಡಿಮೆ ಮಾಡಿ. ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಅದೇ ಅಳತೆಯ ಇನ್ನೊಂದನ್ನು ಸೇರಿಸಿ. ಕ್ಯಾಬಿನೆಟ್ಟಿನ ಮಾದರಿ ಸಂಖ್ಯೆ ತಿಳಿಸಿದರೆ ಯಾವ ಕಾರ್ಡ್ ಹಿಡಿಸುತ್ತದೆಂದು ನೋಡಿ ಹೇಳುತ್ತೇನೆ.